ಕಡೆಬೀದಿಯ ಶಾಖ

ಪ್ರಯೋಗಕ್ಕೆ ಎರಡು ದಿನ ಗೊತ್ತುಮಾಡಲಾಗಿತ್ತು. ಮೊದಲನೆಯ ದಿನ, ಊರಿಗೆಲ್ಲ ಬಿಸಿ ಹರಿಸುವ ಗುಂಡಿಗೆಯನ್ನು ಅದರ ಪಾಡಿಗೆ ಬಿಟ್ಟು ಸಹಜ ಸ್ಥಿತಿಯ ಅಳತೆಗಳನ್ನು ತೆಗೆದುಕೊಳ್ಳುವುದು. ಎರಡನೆಯ ದಿನ ಹೊತ್ತು ಹುಟ್ಟಿದ ಮೇಲೆ, ಗುಂಡಿಗೆಗೇ ಉಣಿಸುವ ಮೂರು ನಾಳಗಳಲ್ಲಿ ಎಡಗಡೆಯದನ್ನು ರೇಷ್ಮೆ ಹುರಿಯಿಂದ ಕಟ್ಟುವುದು, ಅನಂತರ ಆಗುವುದನ್ನೆಲ್ಲ ಗಮನಿಸುವುದು, ದೀಪ ಹಚ್ಚುವ ಮುಂಚೆ ಹುರಿಯನ್ನು ಬಿಚ್ಚುವುದು. ಈ ಕ್ರಮವನ್ನು ಬರೆದುಕೊಟ್ಟವಳು ನಾನೇ. ಊರಿನಲ್ಲಿ ವಿಜ್ಞಾನ ಓದಿ ಮುಗಿಸಿದವರು ಇನ್ನೂ ಇಬ್ಬರಿದ್ದರು; ಆದರೆ ಒಬ್ಬರ ಮನೆ ಮೊದಲಬೀದಿಯಲ್ಲಿತ್ತು, ಇನ್ನೊಬ್ಬರ ಮಾವನ ಮನೆ ಮೊದಲಬೀದಿಯಲ್ಲಿತ್ತು. ನನ್ನದು ನಡುಬೀದಿ. ನನ್ನ ಮೇಲೆ ಎರಡೂ ಕಡೆಯವರಿಗೆ ಸಮನಾದ ಅನುಮಾನವಿದ್ದುದರಿಂದ ನಾನು ಆಯ್ಕೆಯಾದೆ.

ಅಜ್ಜಿಯ ಕಾಲದಲ್ಲಿ ಒಮ್ಮೆ ಗುಂಡಿಗೆ ತಾನಾಗಿಯೇ ಸೋತಿತ್ತಂತೆ. ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಕೆಲವರು ನಗಾರಿ ಬಡಿದರು, ಕೆಲವರು ಹಾಲು ಸುರಿದರು, ಉಳಿದವರು ಪಕ್ಕದ ಮನೆಯವರನ್ನು ಬೈದರು. ಮೂರೂ ಬೀದಿಗಳು ತಣ್ಣಗಾದವು. ಮತ್ತೆ ಸೋತರೆ ಹಾಗಾಗಬಾರದು, ಆದ್ದರಿಂದ ಒಂದು ದಿನದ ಮಟ್ಟಿಗೆ ನಾವಾಗಿಯೇ ಅದನ್ನು ಸೋಲಿಸಿ ನೋಡಬೇಕು ಎಂದು ಗುಂಡಿಗೆಮನೆಯ ಮುಖ್ಯಸ್ಥರಾದ ಧರಣೇಂದ್ರಯ್ಯನವರು ಸಭೆಯಲ್ಲಿ ಹೇಳಿದರು. ಅವರ ಮಾತು ಮುಗಿಯುವ ಮುನ್ನವೇ ಕಡೆಬೀದಿಯ ಹಾಲವ್ವ ಎದ್ದು ನಿಂತಳು.

"ನೆಟ್ಟಗಿರೋ ಎತ್ತಿನ ಕಾಲು ಮುರಿದು, ಮುರಿದ್ರೆ ಹೆಂಗೆ ಕುಂಟ್ತದೆ ಅಂತ ನೋಡ್ತೀರಾ ಸ್ವಾಮಿ?"

"ಸಂಜೆಗೆ ಬಿಚ್ತೀವಲ್ಲಮ್ಮ."

"ಬಿಚ್ತೀರಿ. ಮೊದಲಬೀದಿಗೆ ಎರಡು ಸೀನು ಬಂದ್ರೆ ಮಧ್ಯಾಹ್ನಕ್ಕೇ ಬಿಚ್ತೀರಿ. ನಾವು ಹೆಪ್ಪುಗಟ್ಟಿದ್ರೂ ಸಂಜೆವರೆಗೆ ಕಾಯ್ತೀರಿ."

ಸಭೆ ನಕ್ಕಿತು. ಧರಣೇಂದ್ರಯ್ಯನವರು ನಗಲಿಲ್ಲ.

ನಮ್ಮೂರಲ್ಲಿ ಮನೆಯಿಂದ ಹೊರಟವರು ಆಕಾಶ ನೋಡುವುದಿಲ್ಲ, ಕಂಬ ನೋಡುತ್ತಾರೆ. ಗುಂಡಿಗೆಮನೆಯ ಮುಂದಿನ ಚೌಕದಲ್ಲಿ ಆಳೆತ್ತರದ ಗಾಜಿನ ಕೊಳವೆ ನಿಂತಿದೆ. ಅದರೊಳಗಿನ ಪಾದರಸ, ಗುಂಡಿಗೆಯಿಂದ ಊರಿಗೆ ಹೊರಡುವ ದೊಡ್ಡನಾಳದ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತದೆ. ಕೆಂಪು ಗೆರೆಯ ಮೇಲಿದ್ದರೆ ಎಲ್ಲ ಕ್ಷೇಮ. ವ್ಯಾಪಾರಿಗಳು ಕಂಬದಾಣೆ ಹಾಕುತ್ತಾರೆ, ಮದುಮಕ್ಕಳು ಕಂಬಕ್ಕೆ ಕೈಮುಗಿಯುತ್ತಾರೆ. ಗುಂಡಿಗೆಮನೆಗೆ ಹತ್ತಿರದ ಮೊದಲಬೀದಿಯಲ್ಲಿ ದೋಸೆಹಿಟ್ಟನ್ನು ನಾಳದ ಗೋಡೆಗೆ ತಾಗಿಸಿಟ್ಟರೆ ಬೆಳಗಾಗುವುದರೊಳಗೆ ಪಾತ್ರೆ ಮೀರಿ ನೆಲಕ್ಕಿಳಿದಿರುತ್ತದೆ. ನಡುಬೀದಿಯಲ್ಲಿ ಅದು ಹೇಳಿದ ಹೊತ್ತಿಗೆ ಹುದುಗುತ್ತದೆ. ಕಡೆಬೀದಿಯಲ್ಲಿ ಹಿಟ್ಟಿಗೂ ಕೌದಿ ಹೊದಿಸಬೇಕು. ಅಲ್ಲಿನವರೆಲ್ಲ ಕೌದಿ ಹೊಲಿಯುವವರಾದದ್ದು ಆಕಸ್ಮಿಕವಲ್ಲ. ನನ್ನ ಅಕ್ಕ ವಾರಿಜಳನ್ನು ಆ ಬೀದಿಗೆ ಕೊಟ್ಟಾಗ ಅಮ್ಮ, "ಬಡಿತ ಕೇಳ್ಬೇಕಂದ್ರೆ ಗೋಡೆಗೆ ಕಿವಿ ಒತ್ತಬೇಕಲ್ಲೇ ಅಲ್ಲಿ" ಎಂದು ಅತ್ತಿದ್ದಳು. ಈಗ ಅಕ್ಕನಿಗೆ ಒಂದು ತಿಂಗಳೂ ತುಂಬದ ಹೆಣ್ಣುಮಗುವಿತ್ತು. ಆ ಬೀದಿಯ ರೂಢಿಯಂತೆ ತೊಟ್ಟಿಲನ್ನು ಮನೆಯ ಕವಲಿಗೆ ಒತ್ತಿ ಕಟ್ಟಿದ್ದರು.

ಕವಲೆಂದರೆ ಬೀದಿಯ ನಾಳದಿಂದ ಪ್ರತಿ ಮನೆಯ ಗೋಡೆಯೊಳಕ್ಕೆ ಒಡೆದು ಬರುವ ಕಿರುನಾಳ. ಚಳಿಗಾಲದಲ್ಲಿ ಅದು ಸೆಟೆದುಕೊಂಡರೆ ಮುದುಕಿಯರು ತೌಡನ್ನು ಹುರಿದು, ಹರಳೆಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಗಂಟುಕಟ್ಟಿ ಶಾಖ ಕೊಡುತ್ತಾರೆ. ಕವಲು ಸಡಿಲಗೊಂಡು ಬಿಸಿ ಹರಿಯುತ್ತದೆ. ಆದರೆ ಹಾಗೆ ಮಾಡಿದಾಗಲೆಲ್ಲ ಚೌಕದ ಕಂಬ ಕೂದಲೆಳೆಯಷ್ಟು ಇಳಿಯುವುದನ್ನು ಹಿಂದಿನವರು ಕಂಡುಕೊಂಡಿದ್ದರು. ಆದ್ದರಿಂದ ಪ್ರಯೋಗದ ದಿನ ಯಾರೂ ಶಾಖ ಕೊಡಬಾರದೆಂದು ಡಂಗುರ ಸಾರಿಸಲಾಯಿತು. ತಪ್ಪಿದರೆ, ಮೊದಲು ಶಾಖ ಕೊಟ್ಟ ಮನೆಯ ಕವಲಿಗೆ ಕಟ್ಟು. ಕಟ್ಟು ಬಿದ್ದ ಕವಲು ಒಣಗುತ್ತದೆ, ಮತ್ತೆ ಚಿಗುರುವುದಿಲ್ಲ. ಅಂಥ ಎರಡು ಮನೆಗಳು ಊರಲ್ಲಿದ್ದವು. ಅವುಗಳ ಮುಂದೆ ನಡೆಯುವಾಗ ಜನ ಹೆಜ್ಜೆ ಬೇಗ ಹಾಕುತ್ತಿದ್ದರು.

"ನಿಮ್ಮಕ್ಕ ಅಲ್ಲೇ ಅಲ್ವೇನಮ್ಮ ಇರೋದು?" ಎಂದು ಧರಣೇಂದ್ರಯ್ಯನವರು ಮೊದಲ ದಿನದ ಅಳತೆ ಮುಗಿದ ಮೇಲೆ ಕೇಳಿದರು.

"ಹೌದು ಸರ್."

"ಕಂಡದ್ದನ್ನು ಕಂಡಂಗೆ ಹೇಳ್ತೀಯ ತಾನೆ?"

"ಹೇಳ್ತೀನಿ ಸರ್."

ಅವರು ತಲೆಯಾಡಿಸಿದರು. ನಂಬಿದವರ ತಲೆಯಾಡಿಕೆ ಅದಾಗಿರಲಿಲ್ಲ.

ಕಂಬವಲ್ಲದೆ ಇನ್ನೊಂದು ಅಳತೆಯನ್ನು ನಾನು ಸೇರಿಸಿದ್ದೆ. ಕಂಬ ಒತ್ತಡವನ್ನು ತೋರಿಸುತ್ತದೆ. ಎಷ್ಟು ಹರಿಯಿತು ಎಂಬುದನ್ನು ತೋರಿಸುವುದಿಲ್ಲ. ಆದ್ದರಿಂದ ದೊಡ್ಡನಾಳದ ಬಾಯಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಮಚ ಬಿಟ್ಟು, ಅದು ಊರೆಲ್ಲ ಸುತ್ತಿ ಮರಳಿ ಬರುವ ನಾಳದ ಗಾಜಿನ ಕಿಂಡಿಯಲ್ಲಿ ಕಾಣಿಸಿಕೊಳ್ಳುವವರೆಗೆ ಮರಳುಗಡಿಯಾರ ಹಿಡಿದೆ. ಮೊದಲ ದಿನ ಮರಳು ಅರ್ಧ ಬೀಳುವಷ್ಟರಲ್ಲಿ ನೀಲಿ ಬಂದಿತ್ತು. ಧರಣೇಂದ್ರಯ್ಯನವರಿಗೆ ಇದು ಮಕ್ಕಳಾಟವಾಗಿ ಕಂಡಿತು. "ಕಂಬ ಇರುವಾಗ ನೀಲಿ ಯಾಕಮ್ಮ?" ಎಂದರು. ಬೇಡವೆನ್ನಲೂ ಇಲ್ಲ.

ಎರಡನೆಯ ದಿನ ಹುರಿ ಬಿಗಿದಾಗ ನಾನು ಮೇಲಿನ ಮೊಗಸಾಲೆಯಲ್ಲಿದ್ದೆ. ಗುಂಡಿಗೆಯ ಎಡಗೋಡೆ ಮೊದಲು ಬಿಳಿಚಿಕೊಂಡು ಆಮೇಲೆ ನೇರಳೆಯಾಯಿತು. ಉಳಿದ ಗೋಡೆಗಳು ಒಳಕ್ಕೆ ಹಿಂಡಿಕೊಳ್ಳುವಾಗ ಅದೊಂದು ಮಾತ್ರ ಹೊರಕ್ಕೆ ಉಬ್ಬುತ್ತಿತ್ತು. ಬಡಿತ ಚುರುಕಾಯಿತು, ಆದರೆ ಆಳ ಹೋಯಿತು. ಸಂಗೀತದ ಮೇಷ್ಟರು ತಾಳ ತಪ್ಪಿ ಪಾಠ ನಿಲ್ಲಿಸಿದರೆಂದು ಯಾರೋ ಬಂದು ಹೇಳಿದರು. ಕಂಬ ಕೆಂಪು ಗೆರೆಯಿಂದ ಕೆಳಗಿಳಿಯಿತು, ಚೌಕದಲ್ಲಿ ಗದ್ದಲವಾಯಿತು. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಮೇಲೇರಿ ಗೆರೆಯ ಹತ್ತಿರವೇ ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು. "ಗಟ್ಟಿ ಗುಂಡಿಗೆ ಕಣ್ರಯ್ಯಾ ನಮ್ಮದು!" ಎಂದು ಮೊದಲಬೀದಿಯ ಬೆಳ್ಳಿ ಅಂಗಡಿಯವರು ಕೂಗಿದರು.

ನಾನು ನೀಲಿ ಬಿಟ್ಟೆ. ಮರಳು ಅರ್ಧ ಬಿತ್ತು, ಪೂರ್ತಿ ಬಿತ್ತು, ಗಡಿಯಾರವನ್ನು ತಿರುಗಿಸಿಟ್ಟ ಮೇಲೂ ಬಿತ್ತು. ಕೊನೆಗೆ ಕಿಂಡಿಯಲ್ಲಿ ಕಾಣಿಸಿದ್ದು ನೀಲಿಯಲ್ಲ, ತೊಳೆದ ನೀರಿನಂಥ ಬಣ್ಣ. ಒತ್ತಡ ಉಳಿದಿತ್ತು, ಹರಿವು ಉಳಿದಿರಲಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ನನಗನಿಸಿತು. ಯಾವುದೆಂದು ಆಗ ಹೇಳಲಾರದೆ ಹೋದೆ.

ಅಷ್ಟರಲ್ಲಿ ಕಡೆಬೀದಿ ತಣ್ಣಗಾಯಿತೆಂಬ ಸುದ್ದಿ ಬಂತು. ಧರಣೇಂದ್ರಯ್ಯನವರು ಕಿಟಕಿಯಿಂದ ಕಂಬ ನೋಡಿ, "ಕಂಬ ನಿಂತಿದೆ. ಇವರಿಗೇನು ಚಳಿ? ಹೋಗಿ ನೋಡ್ಕೊಂಡು ಬಾ. ಎಲ್ಲಾದ್ರೂ ತೂತು ಕೊರೆದಿದಾರೋ ಏನೋ" ಎಂದರು.

ಕಡೆಬೀದಿಯ ಬಾಯಲ್ಲಿ ಹಾಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಇಡೀ ಬೀದಿ ಕೌದಿ ಹೊದ್ದು ನಿಂತಿತ್ತು.

"ಬಾ ತಾಯಿ, ಅಳತೆಗಾರ್ತಿ. ಎಲ್ಲಿ ಕಟ್ಟಿದೀರಿ ಅಂತ ತೋರಿಸು. ನಾವೇ ಬಿಚ್ಕೊಂತೀವಿ."

"ಇಲ್ಲಿ ಯಾರೂ ಕಟ್ಟಿಲ್ಲ ಹಾಲವ್ವ. ಗುಂಡಿಗೆಮನೆ ಒಳಗೆ ಒಂದನ್ನೇ ಕಟ್ಟಿರೋದು."

"ಹೌದೌದು. ಮೊದಲಬೀದೀಲಿ ಹೆಂಗಸರು ಸೆಕೆ ಅಂತ ಬೀಸಣಿಗೆ ಬೀಸ್ಕೊಂತಿದಾರೆ. ನಮ್ಮ ಪಾಲಿನದೂ ಅಲ್ಲೇ ನಿಂತದೆ ಅಂದಂಗಾಯ್ತು."

ಅವಳ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿರಲಿಲ್ಲ. ಬರುವಾಗ ನಾನೂ ಮೊದಲಬೀದಿಯ ಗೋಡೆ ಮುಟ್ಟಿ ನೋಡಿದ್ದೆ, ಅದು ಬೆಚ್ಚಗೇ ಇತ್ತು. ಯಾರಾದರೂ ಗುಟ್ಟಾಗಿ ಹುರಿ ಬಿಗಿದಿರಬಹುದೆಂಬ ಶಂಕೆ ನನ್ನನ್ನೂ ಹೊಕ್ಕಿತು. ಬೀದಿಯ ನಾಳವನ್ನು ಉದ್ದಕ್ಕೂ ತಡವಿಕೊಂಡು ನಡೆದೆ. ಚಪ್ಪಡಿ ಎತ್ತಿಸಿದೆ. ಕವಲು ಒಡೆಯುವ ಪ್ರತಿ ಸಂದಿಯಲ್ಲಿ ಬೆರಳಾಡಿಸಿದೆ. ಹುರಿಯಿಲ್ಲ, ತಂತಿಯಿಲ್ಲ, ಗಾಯವಿಲ್ಲ. ಆದರೆ ಹೆಬ್ಬೆರಳಿನಷ್ಟು ದಪ್ಪವಿರಬೇಕಾದ ಕವಲುಗಳು ಕಿರುಬೆರಳಿಗಿಂತ ಸಣ್ಣವಾಗಿ, ಬಾವಿಹಗ್ಗದಂತೆ ಸೆಟೆದಿದ್ದವು. ಯಾರೂ ಕಟ್ಟಿರಲಿಲ್ಲ. ಅವು ತಾವೇ ಬಿಗಿದುಕೊಂಡಿದ್ದವು.

ಇದನ್ನು ಹೇಳಿದರೆ ನಂಬುವವರಾರು? ಹಾಲವ್ವ ನಂಬಲಿಲ್ಲ. ಅಕ್ಕನೂ ನಂಬಲಿಲ್ಲ. ಅವಳು ಮಗುವನ್ನು ಎದೆಗವುಚಿಕೊಂಡು ಹೊಸಿಲಲ್ಲಿ ಕುಳಿತಿದ್ದಳು. ಮಗುವಿನ ಪಾದ ಮುಟ್ಟಿದೆ. ಹಸಿಮಣ್ಣು ಮುಟ್ಟಿದಂತಾಯಿತು.

"ಕಂಬ ಗೆರೆ ಹತ್ತಿರಾನೇ ಇದೆ ಅಕ್ಕ" ಎಂದೆ. ಬೇರೇನು ಹೇಳಬೇಕೆಂದು ಹೊಳೆಯಲಿಲ್ಲ.

"ಹಂಗಾದ್ರೆ ಆ ಕಂಬ ತಂದು ಇವಳ ಪಕ್ಕ ಮಲಗಿಸು ಶಶಿ. ಬೆಚ್ಚಗಿರ್ತಾಳೆ."

"ಶಾಖ ಮಾತ್ರ ಕೊಡಬೇಡ. ಸಂಜೆವರೆಗೆ ತಡ್ಕೋ."

ಒಲೆಯ ಕಡೆ ನೋಡದಿರಲು ಅವಳು ಪಡುತ್ತಿದ್ದ ಪ್ರಯತ್ನವನ್ನು ನಾನು ಗಮನಿಸಿದೆ.

ಮಧ್ಯಾಹ್ನ ಕಂಬ ಮತ್ತೆ ಜಾರತೊಡಗಿತು. ಹರಿವಿನ ಕೊಳೆ ಸೋಸಿ ಹೊರಹಾಕುವ ಸೋಸುಬಾವಿಯ ನೀರು ಎಳೆಯಾಗಿ, ಆಮೇಲೆ ತೊಟ್ಟಾಗಿ, ನಿಂತಿತು. ಪಾದರಸ ಇಳಿಯುವುದೆಂದರೆ ನಾಳಗಳಲ್ಲಿ ತುಂಬಿಕೆ ಸಾಲದು ಎಂಬುದು ಧರಣೇಂದ್ರಯ್ಯನವರ ಲೆಕ್ಕಾಚಾರ. ಅದು ತಪ್ಪೆಂದು ನನಗೂ ಆಗ ತೋರಲಿಲ್ಲ. ಗುಂಡಿಗೆಗೆ ಮರಳುವ ನಾಳಕ್ಕೆ ಉಪ್ಪುನೀರು ಸುರಿಯಲು ಆಜ್ಞೆಯಾಯಿತು. ಜನ ಸಾಲುಗಟ್ಟಿ ಕೊಡದಿಂದ ಕೊಡಕ್ಕೆ ದಾಟಿಸಿದರು. ಕಂಬ ಒಂದಿಷ್ಟು ಏರಿತು, ಚಪ್ಪಾಳೆ ಬಿತ್ತು. ಆದರೆ ಗುಂಡಿಗೆಯ ಹಿಂದೆ, ಮರಳಿ ಬಂದ ಹರಿವು ಗಾಳಿ ಕುಡಿದು ಒಳಹೋಗುವ ಉಸಿರುಕೊಳದಲ್ಲಿ, ನಸುಗೆಂಪು ನೊರೆ ಎದ್ದಿತು. ನೊರೆ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. ಮುಂದಕ್ಕೆ ತಳ್ಳಲಾರದ ಗುಂಡಿಗೆಗೆ ಹಿಂದಿನಿಂದ ಇನ್ನಷ್ಟು ತುಂಬುತ್ತಿದ್ದೆವು. ಕೊಳದ ದಂಡೆಯ ಅಗಸರು ಬಟ್ಟೆ ಎತ್ತಿಕೊಂಡು ಮೇಲೋಡಿದರು. "ಯಾರೋ ಸೋಪು ಕಲಸಿದಾರೆ" ಎಂದು ಮೊದಲಬೀದಿಯವರು ಅವರ ಮೇಲೇ ಹರಿಹಾಯ್ದರು.

ನಾನು ಸುರಿಯುವುದನ್ನು ನಿಲ್ಲಿಸಲು ಹೇಳುತ್ತಿದ್ದಾಗಲೇ ಕಂಬ ಕೈಬಿಟ್ಟಂತೆ ಇಳಿಯಿತು. ಜಾರಿದ್ದಲ್ಲ, ಒಮ್ಮೆಲೇ ಇಳಿದದ್ದು. ಧರಣೇಂದ್ರಯ್ಯನವರು ಕಂಬವನ್ನಲ್ಲ, ನನ್ನನ್ನು ನೋಡಿದರು.

"ಶಾಖ" ಎಂದರು. "ಕಡೆಬೀದೀಲಿ ಶಾಖ ಕೊಡ್ತಿದಾರೆ. ಮೊದಲು ಕೊಟ್ಟವರು ಯಾರು ಅಂತ ತಿಳ್ಕೊಂಡು ಬಾ. ತಿಳೀದೆ ಬರಬೇಡ."

ಕಡೆಬೀದಿಯಲ್ಲಿ ಈ ಸಲ ಯಾರೂ ಅಡ್ಡನಿಂತಿರಲಿಲ್ಲ. ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಎಲ್ಲ ಸಂದಿಗಳಿಂದಲೂ ಹುರಿದ ತೌಡಿನ ವಾಸನೆ ಬರುತ್ತಿತ್ತು. ಹಾಲವ್ವನ ಬಾಗಿಲು ಬಡಿದೆ. "ನಾನು ಮಲಗಿದೀನಿ" ಎಂದು ಒಳಗಿನಿಂದ ನಿಂತವರ ದನಿ ಬಂತು. ಅಕ್ಕ ಮಾತ್ರ ಅಗುಳಿ ಹಾಕಿರಲಿಲ್ಲ. ಕವಲಿನ ಮೇಲೆ ಗಂಟುಗಳನ್ನು ಸಾಲಾಗಿ ಒತ್ತಿಟ್ಟಿದ್ದಳು. ಮೊದಲಿನವು ಆಗಲೇ ಆರಿ, ಹರಳೆಲೆ ಸುಟ್ಟು ಕಪ್ಪಾಗಿದ್ದವು. ಬೇರೆ ಮನೆಗಳಿಗಿಂತ ಬಹಳ ಮುಂಚೆ ಹಚ್ಚಿದ್ದೆಂಬುದು ಆ ಎಲೆಗಳಿಂದಲೇ ಸ್ಪಷ್ಟವಾಗಿತ್ತು.

"ನಾನು ಬೆಳಿಗ್ಗೆ ಹೋದ ತಕ್ಷಣ ಒಲೆ ಹಚ್ಚಿದೆಯಾ?"

"ನೀನು ಬೀದಿ ತಿರುಗಲಿ ಅಂತ ಕಾದೆ. ಅಷ್ಟು ಮರ್ಯಾದೆ ಕೊಟ್ಟಿದೀನಿ."

"ಅಕ್ಕ, ಕಟ್ಟು ಹಾಕ್ತಾರೆ. ಈ ಮನೆಗೆ ಇನ್ನು ಬಿಸಿ ಅನ್ನೋದೇ ಇರಲ್ಲ."

"ಇವಳಿಗೆ ಇವತ್ತು ಇಲ್ಲದ್ದು ನಾಳೆ ಇದ್ದು ಏನು ಮಾಡ್ಲಿ?" ಅವಳು ತೊಟ್ಟಿಲ ಬಟ್ಟೆ ಸರಿಸಿದಳು. ಮಗುವಿನ ಪಾದ ಕೆಂಪಗಿತ್ತು. ಅದು ಕಾಲು ಝಾಡಿಸಿ ನನ್ನ ಬೆರಳನ್ನು ಒದೆಯಿತು. "ಹೋಗು, ಹೇಳು. ಕಂಡದ್ದನ್ನು ಕಂಡಂಗೆ ಹೇಳೋದು ನಿನ್ನ ಕೆಲಸ. ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಇನ್ಮೇಲೆ ಬರುವಾಗ ಸ್ವೆಟರ್ ಹಾಕ್ಕೊಂಡು ಬಾ."

ಕವಲು ಮುಟ್ಟಿದೆ. ಹಗ್ಗ ಮತ್ತೆ ನಾಳವಾಗಿತ್ತು. ಬೆರಳಿಗೆ ಮೆತ್ತಗೆ ಸಿಕ್ಕಿ, ಪ್ರತಿ ಬಡಿತಕ್ಕೂ ಉಬ್ಬುತ್ತಿತ್ತು.

ಗುಂಡಿಗೆಮನೆಗೆ ಹಿಂತಿರುಗಿದಾಗ ನೀಲಿ ಬಿಡುವ ಹೊತ್ತಾಗಿತ್ತು. ವರದಿ ಒಪ್ಪಿಸುವುದನ್ನು ತಡಮಾಡಲು ನನಗೆ ಸಿಕ್ಕ ನೆಪ ಅದೊಂದೇ ಎಂಬುದನ್ನು ಮುಚ್ಚಿಡುವುದಿಲ್ಲ. ಕಂಬ ಅಷ್ಟು ಇಳಿದಿರುವಾಗ ನೀಲಿ ಬರಲಾರದೆಂದೇ ಎಣಿಸಿದ್ದೆ. ಮರಳು ಪೂರ್ತಿ ಬೀಳುವ ಮೊದಲೇ ಕಿಂಡಿಯಲ್ಲಿ ನೀಲಿ ಕಾಣಿಸಿತು. ಮೊದಲ ದಿನದಷ್ಟು ಬೇಗ ಅಲ್ಲ. ಬೆಳಗಿನದಕ್ಕಿಂತ ಬಹಳ ಬೇಗ.

ನಾನು ಅದನ್ನು ನಂಬಲಿಲ್ಲ. ಬೆಳಗಿನ ನೀಲಿಯೇ ಈಗ ಬಂದಿರಬಹುದು. ಮರಳು ತೇವಗೊಂಡಿರಬಹುದು. ಅಕ್ಕನ ಮೇಲಿನ ಮಮತೆ ನನ್ನ ಕಣ್ಣನ್ನು ಕಿಂಡಿಗಿಂತ ಮುಂದೆ ಓಡಿಸಿರಬಹುದು. ಮರಳನ್ನು ಬಾಣಲೆಯಲ್ಲಿ ಕಾಯಿಸಿ ಒಣಗಿಸಿದೆ, ನೀಲಿಯ ಬದಲು ಅರಿಶಿನ ಬಿಟ್ಟೆ. ಅರಿಶಿನವೂ ಬೇಗ ಬಂತು. ಉಸಿರುಕೊಳಕ್ಕೆ ಹೋದೆ. ನೊರೆ ಎರಡು ಮೆಟ್ಟಿಲು ಕೆಳಗಿಳಿದಿತ್ತು.

ಧರಣೇಂದ್ರಯ್ಯನವರು ಚೌಕದಲ್ಲಿ ಜನರನ್ನು ಸೇರಿಸಿದ್ದರು. ಕಟ್ಟು ಹಾಕುವ ಹುರಿ ಅವರ ಮಣಿಕಟ್ಟಿಗೆ ಸುತ್ತಿಕೊಂಡಿತ್ತು.

"ಯಾರಮ್ಮ ಮೊದಲು ಕೊಟ್ಟದ್ದು?"

"ನಮ್ಮಕ್ಕ ವಾರಿಜ" ಎಂದೆ. ಗುಂಪಿನಲ್ಲಿ ಗುಸುಗುಸು ಎದ್ದಿತು. ಈ ಉತ್ತರವನ್ನು ಯಾರೂ ನಿರೀಕ್ಷಿಸಿರಲಿಲ್ಲ. "ಆದರೆ ಶಾಖ ಕೊಟ್ಟ ಮೇಲೆ ಹರಿವು ಹೆಚ್ಚಾಗಿದೆ, ಸರ್. ನೊರೆ ಇಳಿದಿದೆ. ಬಳಲಿದವನು ಬಾಗಿಲು ತಳ್ಳುವಾಗ ಆಚೆಯಿಂದ ಇನ್ನೊಬ್ಬ ಒತ್ತಿ ಹಿಡಿದ ಹಾಗಾಗಿತ್ತು. ಕಡೆಬೀದಿಯ ಕವಲುಗಳು ಬಿಗಿದದ್ದರಿಂದ ಒತ್ತಡ ಉಳೀತು, ಕಂಬ ನಿಂತಿತು. ಗುಂಡಿಗೆಯ ಕೆಲಸ ಮಾತ್ರ ಇಮ್ಮಡಿಯಾಯ್ತು. ಶಾಖ ಆ ಬಾಗಿಲನ್ನು ಬಿಟ್ಟುಕೊಡ್ತು."

ಬೆಳ್ಳಿ ಅಂಗಡಿಯವರು ಜೋರಾಗಿ ನಕ್ಕರು. "ಕಂಬ ಇಳೀತು, ಗುಂಡಿಗೆ ಸುಧಾರಿಸ್ತು! ಅಕ್ಕನ ಮನೆ ಉಳಿಸೋಕೆ ಎಂ.ಎಸ್ಸಿ. ಓದಬೇಕಾಗಿತ್ತೇನಮ್ಮ?"

"ನೀವೇ ನೋಡಿ" ಎಂದೆ ಧರಣೇಂದ್ರಯ್ಯನವರಿಗೆ. "ನೀಲಿ ನೀವು ಬಿಡಿ. ಮರಳು ನೀವು ಹಿಡೀರಿ. ನಾನು ಅಳತೆ ಮುಟ್ಟಲ್ಲ. ಶಾಖ ತೆಗೆಸ್ತೀನಿ, ಮತ್ತೆ ಇಡಿಸ್ತೀನಿ."

ಅವರು ಒಪ್ಪಿದ್ದು ನನ್ನನ್ನು ನಂಬಿದ್ದರಿಂದಲ್ಲ. ಸುಳ್ಳುಗಾರ್ತಿಯನ್ನು ಎಲ್ಲರೆದುರು ಹಿಡಿಯುವ ಅವಕಾಶ ಅವರಿಗೆ ಸಿಕ್ಕಿತ್ತು. ಗುಂಡಿಗೆಮನೆಯ ಮಾಳಿಗೆಯಿಂದ ಕಡೆಬೀದಿಯ ಮಾಳಿಗೆಗಳು ಕಾಣುತ್ತವೆ. ಶಾಖ ತೆಗೆದರೆ ಬಿಳಿ ಕೌದಿ, ಇಟ್ಟರೆ ಕೆಂಪು ಕೌದಿ ಬೀಸುವುದೆಂದು ಗೊತ್ತಾಯಿತು. ಹೇಳಿಬರಲು ನಾನೇ ಹೋದೆ, ಜೊತೆಗೆ ಅವರ ಕಡೆಯ ಇಬ್ಬರು. ಅಕ್ಕ ಕೊನೆಯ ಗಂಟಿನ ಮೇಲೆ ಕೈಯಿಟ್ಟು ಕೇಳಿದಳು: "ಇದು ಬಲೆ ಅಲ್ಲ ತಾನೆ?"

"ಗೊತ್ತಿಲ್ಲ" ಎಂದೆ. ಅದು ನಿಜವಾಗಿತ್ತು. ನನ್ನ ಅಳತೆ ತಪ್ಪಾಗಿದ್ದರೆ ಅದು ಬಲೆಯೇ.

ಅವಳು ಗಂಟು ಎತ್ತಿದಳು. ಮಾಳಿಗೆಯ ಮೇಲೆ ಹಾಲವ್ವ ಬಿಳಿ ಕೌದಿ ಬೀಸುತ್ತ, "ನೋಡ್ಕಳ್ರಪ್ಪಾ, ಬೆತ್ತಲಾಗಿ ನಿಂತಿದೀವಿ!" ಎಂದು ಕೂಗಿದಳು.

ಗಂಟುಗಳು ಆರುತ್ತಿದ್ದಂತೆ ಕವಲುಗಳು ಸೆಟೆದವು. ನಾನು ಚೌಕ ಸೇರುವಾಗ ಕಂಬ ಏರುತ್ತಿತ್ತು. ಅಭ್ಯಾಸಬಲದಿಂದ ಜನ ಚಪ್ಪಾಳೆ ತಟ್ಟಿದರು. ಆದರೆ ಉಸಿರುಕೊಳದ ಕಡೆಯಿಂದ ಅಗಸರು, "ನೊರೆ ಬಂತು, ನೊರೆ ಬಂತು!" ಎಂದು ಕೂಗಿದರು. ಧರಣೇಂದ್ರಯ್ಯನವರು ಬಿಟ್ಟ ನೀಲಿ ಬಹಳ ಹೊತ್ತು ಬರಲೇ ಇಲ್ಲ. ಅವರು ಗಡಿಯಾರವನ್ನು ಮೂರನೆಯ ಸಲ ತಿರುಗಿಸುವಾಗ ಕಿಂಡಿ ಕಂಡೂ ಕಾಣದಂತೆ ಬಣ್ಣಗೂಡಿತು. ಕೆಂಪು ಕೌದಿ ಎದ್ದಿತು. ಕಂಬ ಇಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನೊರೆ ಮೆಟ್ಟಿಲು ಬಿಟ್ಟು ಇಳಿಯಿತು, ಸೋಸುಬಾವಿಯಲ್ಲಿ ತೊಟ್ಟಿಕ್ಕುವ ಸದ್ದು ಕೇಳಿತು. ಅವರು ಹೊಸದಾಗಿ ಬಿಟ್ಟ ನೀಲಿ, ಮರಳು ಪೂರ್ತಿ ಬೀಳುವ ಮೊದಲೇ, ಗಾಢವಾಗಿ ಬಂದು ಕಿಂಡಿ ತುಂಬಿತು.

ಅವರು ಗಡಿಯಾರವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ನನ್ನ ಬೆರಳ ತುದಿಗಳಲ್ಲಿ ನೀಲಿಯ ಗುರುತಿದೆಯೇ ಎಂದು ಕೈ ಹೊರಳಿಸಿ ನೋಡಿದರು. ಬೆಳ್ಳಿ ಅಂಗಡಿಯವರನ್ನೇ ಕರೆದು, ಅವರ ಕೈಯಿಂದ ನೀಲಿ ಬಿಡಿಸಿ, ಮತ್ತೊಮ್ಮೆ ಬಿಳಿ ಕೌದಿ, ಮತ್ತೊಮ್ಮೆ ಕೆಂಪು ಕೌದಿ ಬೀಸಿಸಿದರು. ಎರಡನೆಯ ಸಲವೂ ಅದೇ ಆಯಿತು. ಬೆಳ್ಳಿ ಅಂಗಡಿಯವರು ಕಂಬದ ಕಡೆ ನೋಡಿದರು, ಕಿಂಡಿಯ ಕಡೆ ನೋಡಿದರು, ಆಮೇಲೆ ತಮ್ಮ ಕೈಯನ್ನೇ ಅನುಮಾನದಿಂದ ನೋಡಿಕೊಂಡರು.

ಇಳಿಹೊತ್ತಿನಲ್ಲಿ ರೇಷ್ಮೆ ಹುರಿ ಬಿಚ್ಚಲಾಯಿತು. ಎಡಗೋಡೆಗೆ ಬಣ್ಣ ನಿಧಾನವಾಗಿ ಮರಳಿತು. ಅಂಚಿನಲ್ಲೊಂದು ಕಡೆ ಮರಳಲಿಲ್ಲ. ಧರಣೇಂದ್ರಯ್ಯನವರು ಮಣಿಕಟ್ಟಿನ ಹುರಿಯನ್ನು ಬಿಚ್ಚಿದರು, ಜೇಬಿಗಿಳಿಸಲಿಲ್ಲ, ಮೇಜಿನ ಮೇಲೆ ನನಗೂ ಅವರಿಗೂ ನಡುವೆ ಇಟ್ಟರು.

"ಬರಿಯಮ್ಮ."

"ಏನಂತ ಬರೀಲಿ ಸರ್?"

"ಕಂಡದ್ದನ್ನು ಕಂಡಂಗೆ. ನಿಮ್ಮಕ್ಕನ ಹೆಸರೂ ಬಿಡಬೇಡ."

ಬರೆದೆ: ಉಣಿಸುವ ಎಡನಾಳವನ್ನು ಕಟ್ಟಿದಾಗ ಗುಂಡಿಗೆಯ ಬಲ ಕುಂದುತ್ತದೆ, ಕಡೆಬೀದಿಯ ಕವಲುಗಳು ತಾವಾಗಿ ಬಿಗಿದುಕೊಳ್ಳುತ್ತವೆ, ಕಂಬ ನಿಲ್ಲುವುದು ಆ ಬಿಗಿತದಿಂದ, ಗುಂಡಿಗೆಯ ಬಲದಿಂದಲ್ಲ. ಉಪ್ಪುನೀರು ಸುರಿದರೆ ನೊರೆ ಏರುತ್ತದೆ. ಶಾಖದಿಂದ ಕವಲುಗಳು ಸಡಿಲಗೊಂಡಾಗ ಕಂಬ ಇಳಿಯುತ್ತದೆ, ಹರಿವು ಹೆಚ್ಚುತ್ತದೆ. ಮೊದಲು ಶಾಖ ಕೊಟ್ಟದ್ದು ಕಡೆಬೀದಿಯ ವಾರಿಜಳ ಮನೆ. ಆ ಮನೆಗೆ ಕಟ್ಟು ಹಾಕಲು ಕಾರಣ ಕಂಡುಬಂದಿಲ್ಲ.